ಕರಸ್ಥಲವೂ ಕಾಯಕವೂ

ಪರರ ದುಃಖಕ್ಕೆ ಮರುಗುವುದು ಸದ್ಗುಣವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಮರುಕದಿಂದ ಮಾಡಿದುದೆಲ್ಲವೂ ಸೇವೆಯಾಗುವುದೇ ಎಂಬುದು ವಿಚಾರಿಸಿ ನೋಡತಕ್ಕ ಪ್ರಶ್ನೆ. ಬಿದ್ದವರನ್ನು ಎತ್ತುವುದು ಧರ್ಮ. ಎದ್ದು ನಿಲ್ಲಲು ಹೆಣಗುತ್ತಿರುವವರನ್ನು ಹೊತ್ತುಕೊಂಡೇ ತಿರುಗುವುದೂ ಧರ್ಮವೇ? ಕಾಯಕವನ್ನು ಕೈಲಾಸದ ಸಮಕ್ಕೆ ನಿಲ್ಲಿಸಿದ ಶರಣರನ್ನು ನಂಬಿ ನಡೆಯುವ ಗೃಹಸ್ಥರಿಗೆ ಈ ಪ್ರಶ್ನೆ ಬಹುತರವಾಗಿ ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಎದುರಾಗುತ್ತದೆ. ಅಂತಹ ಒಂದು ಹಾಸಿಗೆಯ ಪಕ್ಕದಲ್ಲಿ ಕುಳಿತು ಕಂಡುದನ್ನೂ, ಅದರಿಂದ ತಿಳಿದುದನ್ನೂ ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲಬುರಗಿಯ ಸ್ಟೇಶನ್ ಬಜಾರವನ್ನು ಬಲ್ಲವರಿಗೆ ಅಲ್ಲಿಯ ಗದ್ದಲವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ರೈಲು ಬಂದು ನಿಂತಾಗಲೆಲ್ಲ ಹಮಾಲರ ಕೂಗು, ಆಟೋಗಳ ಸದ್ದು, ಗಂಟುಮೂಟೆ ಹೊತ್ತ ಪ್ರಯಾಣಿಕರ ನೂಕುನುಗ್ಗಲು. ಆ ಗದ್ದಲಕ್ಕೆ ಸಮೀಪದ ಒಂದು ಓಣಿಯಲ್ಲಿ ಪ್ರತಿದಿನ ಮುಂಜಾನೆ ತಪ್ಪದೆ ಕೇಳಿಬರುತ್ತಿದ್ದ ಸಪ್ಪಳವೊಂದಿತ್ತು. ಅದು ಒಬ್ಬ ತಾಯಿ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಅವರ ವಯಸ್ಸು ಆಗ ಅರವತ್ತನ್ನು ದಾಟಿತ್ತು. ಯಜಮಾನರದು ತೊಗರಿಬೇಳೆಯ ವ್ಯಾಪಾರ. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು. ಲಿಂಗಪೂಜೆ ಮುಗಿಯುವವರೆಗೆ ಆ ತಾಯಿ ನೀರನ್ನು ಸಹ ಮುಟ್ಟುತ್ತಿರಲಿಲ್ಲ. ಪೂಜೆ ಮುಗಿಸಿ ಒಲೆಯ ಮುಂದೆ ಕುಳಿತರೆ ಮನೆಮಂದಿಗೂ ಬಂದವರಿಗೂ ಆಗುವಷ್ಟು ರೊಟ್ಟಿ ಬಡಿದೇ ಏಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮುಂಜಾನೆ, ಆ ಸಪ್ಪಳ ನಡುವೆಯೇ ನಿಂತಿತು. ಎಡಗೈಯೊಳಗಿನ ಹಿಟ್ಟಿನ ಉಂಡೆ ಜಾರಿ ಬಿದ್ದಿತು. ತಲೆಯಲ್ಲಿ ಸಿಡಿಲೆರಗಿದಂತಹ ನೋವು, ವಾಂತಿ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ ಮೆದುಳಿನ ಬಲಭಾಗದ ಆಳದಲ್ಲಿ ರಕ್ತನಾಳವೊಂದು ಒಡೆದು ರಕ್ತ ಕಟ್ಟಿಕೊಂಡುದು ಕಂಡುಬಂದಿತು. ಬಿ.ಪಿ.ಗೆಂದು ವೈದ್ಯರು ಕೊಟ್ಟಿದ್ದ ಗುಳಿಗೆಗಳನ್ನು “ಈಗ ಆರಾಮದೀನಲ್ಲ, ಮತ್ಯಾಕ?” ಎಂದು ಅವರು ಎರಡು ತಿಂಗಳ ಹಿಂದೆಯೇ ಬಿಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ಶಿವನ ದಯದಿಂದಲೂ ವೈದ್ಯರ ಶ್ರಮದಿಂದಲೂ ಜೀವ ಉಳಿಯಿತು. ಮೂರು ವಾರಗಳ ತರುವಾಯ ಮನೆಗೆ ಬಂದಾಗ ಎಡಗಾಲು ಮರದ ಕೊರಡಿನಂತೆ ಭಾರವಾಗಿತ್ತು. ಎಡಗೈ ಜೀವವಿಲ್ಲದಂತೆ ಜೋತುಬಿದ್ದಿತ್ತು.

ಮನೆಯವರು ಮಾಡಿದ ಉಪಚಾರದಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಮೊದಲೇ ಹೇಳಬೇಕು. ತುತ್ತು ಮಾಡಿ ಉಣ್ಣಿಸುವುದು, ತಲೆ ಬಾಚುವುದು, ಸೀರೆ ಉಡಿಸುವುದು, ನೀರಿನ ಲೋಟವನ್ನು ತುಟಿಗೆ ಹಿಡಿಯುವುದು ಎಲ್ಲವೂ ಸೊಸೆಯ ಕೈಯಿಂದಲೇ ನಡೆಯುತ್ತಿತ್ತು. ಆ ತಾಯಿ ಏನಾದರೂ ಮಾಡಹೊರಟರೆ, “ಅತ್ತೀ, ನೀವು ಸುಮ್ಮ ಕೂಡ್ರಿ, ನಾವದೀವಲ್ಲ” ಎಂದು ತಡೆಯುತ್ತಿದ್ದಳು. ಕಡೆಗೆ ಲಿಂಗಪೂಜೆಯೂ ಹಾಗೆಯೇ ಆಯಿತು. ಸೊಸೆಯೇ ಲಿಂಗಕ್ಕೆ ನೀರೆರೆದು, ವಿಭೂತಿ ಧರಿಸಿ, ಪತ್ರೆ ಏರಿಸಿ, ಅತ್ತೆಯ ಕಣ್ಣಿಗೆ ತೋರಿಸಿ, ಮತ್ತೆ ಕೊರಳಿಗೆ ಕಟ್ಟುತ್ತಿದ್ದಳು. ಆ ಹೊತ್ತಿನಲ್ಲಿ ತಾಯಿಯ ಕಣ್ಣಿನಿಂದ ಸುರಿಯುತ್ತಿದ್ದ ನೀರನ್ನು ಎಲ್ಲರೂ ಭಕ್ತಿಯ ನೀರೆಂದೇ ತಿಳಿದಿದ್ದರು. ಒಂದು ದಿನ ನಾನು ನೋಡಲು ಹೋದಾಗ ಅವರು ತೊದಲುತ್ತ ಹೇಳಿದ ಮಾತಿನಿಂದ ನಿಜ ಗೊತ್ತಾಯಿತು: “ಲಿಂಗಾ ಹಿಡೀಲಾರದ ಕೈ ಇದ್ದರೇನು, ಹೋದರೇನು? ನನ್ನ ಪೂಜಿ ಮುಗೀತು.”

ಎರಡು ತಿಂಗಳ ಮೇಲೆ ಅಂಗಸಾಧನೆಯ ಚಿಕಿತ್ಸೆ ಕಲಿತ ತರುಣ ಫಿಸಿಯೋಥೆರಪಿಸ್ಟರೊಬ್ಬರು ಮನೆಗೆ ಬಂದರು. ಅವರು ಮೊದಲು ಕೇಳಿದ ಪ್ರಶ್ನೆ, “ಅಮ್ಮ ದಿನಾ ಏನೇನು ಕೆಲಸಾ ಮಾಡ್ತಾರ್ರೀ?” ಎಂಬುದು. ಮಗನು ಸಂತೋಷದಿಂದಲೇ, “ಏನೂ ಮಾಡಿಸಂಗಿಲ್ರಿ, ಒಂದು ಕಡ್ಡೀನೂ ಎತ್ತಿಸಿಲ್ಲ” ಎಂದನು. ಬಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕಽ ಕೈ ಏಳವಲ್ದರಿ” ಎಂದರು. ಆ ಮಾತು ಮನೆಯವರಿಗೆ ಕಠಿಣವಾಗಿ ತೋರಿತು. ನನಗೂ ಹಾಗೆಯೇ ತೋರಿತು. ಅದರೊಳಗಿನ ಸತ್ಯ ತಿಳಿಯಬೇಕಾದರೆ ಮೆದುಳಿನಲ್ಲಿ ನಡೆಯುವುದೇನೆಂಬುದನ್ನು ಕೊಂಚ ಅರಿಯಬೇಕು.

ನಮ್ಮ ಸೀಮೆಯಲ್ಲಿ ಲಕ್ವಾ ಎಂದು ಕರೆಯುವ ಪಾರ್ಶ್ವವಾಯು ಮುಖ್ಯವಾಗಿ ಎರಡು ಬಗೆಯಿಂದ ಬರುತ್ತದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದು ಒಂದು. ನಾಳವೇ ಒಡೆದು ರಕ್ತ ಹೊರಚೆಲ್ಲುವುದು ಇನ್ನೊಂದು. ಹೊರಗಿನ ಲಕ್ಷಣಗಳಿಂದ ಇವೆರಡನ್ನು ಬೇರ್ಪಡಿಸಿ ಹೇಳುವುದು ವೈದ್ಯರಿಗೂ ಸಾಧ್ಯವಿಲ್ಲ; ಸ್ಕ್ಯಾನ್ ಬೇಕೇಬೇಕು. ಆದುದರಿಂದ ಲಕ್ವಾ ಹೊಡೆಯಿತೆಂದು ಮನೆಯಲ್ಲಿಯೇ ಆಸ್ಪಿರಿನ್ ಗುಳಿಗೆ ನುಂಗಿಸುವುದೂ, ಎಣ್ಣೆ ತಿಕ್ಕುತ್ತ ಹೊತ್ತು ಕಳೆಯುವುದೂ ಅಪಾಯಕರ. ರಕ್ತ ಸುರಿಯುವ ಬಗೆಯಲ್ಲಿ ಮೊದಲ ದಿನಗಳ ಭಯ ಹೆಚ್ಚು. ಬಿಗಿಯಾದ ತಲೆಬುರುಡೆಯೊಳಗೆ ಚೆಲ್ಲಿದ ರಕ್ತ ಅಕ್ಕಪಕ್ಕದ ಭಾಗಗಳನ್ನು ಒತ್ತುತ್ತದೆ, ಸುತ್ತಲೂ ಬಾವು ಬರುತ್ತದೆ. ಆದರೆ ಆ ಭಯವನ್ನು ದಾಟಿ ಬದುಕಿದವರಲ್ಲಿ ಒಂದು ಆಶಾದಾಯಕ ಸಂಗತಿಯೂ ಉಂಟು. ಚೆಲ್ಲಿದ ರಕ್ತವನ್ನು ದೇಹವು ವಾರಗಳ ಕಾಲದಲ್ಲಿ ಮೆಲ್ಲಗೆ ಹೀರಿಕೊಳ್ಳುತ್ತದೆ, ಬಾವು ಇಳಿಯುತ್ತದೆ, ಒತ್ತಡದಿಂದ ಮೂಕವಾಗಿದ್ದ ಭಾಗಗಳಲ್ಲಿ ನಾಶವಾಗದೆ ಉಳಿದವು ಮತ್ತೆ ಎಚ್ಚರಗೊಳ್ಳುತ್ತವೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ವೇಗವಾಗಿರುವುದು; ಅನಂತರ ನಿಧಾನವಾಗಿಯಾದರೂ ವರ್ಷಗಳ ಕಾಲ ನಡೆಯುವುದುಂಟು.

ನಾಶವಾದ ಭಾಗ ಮರಳಿ ಹುಟ್ಟುವುದಿಲ್ಲ. ಆದರೆ ಅದರ ಕೆಲಸವನ್ನು ನೆರೆಯ ಭಾಗಗಳು ಸ್ವಲ್ಪ ಮಟ್ಟಿಗೆ ಕಲಿತುಕೊಳ್ಳಬಲ್ಲವು. ಸ್ಟೇಶನ್ ಬಜಾರದ ದೊಡ್ಡ ರಸ್ತೆಯನ್ನು ಅಗೆದು ಮುಚ್ಚಿದಾಗ ಜನರು ಓಣಿಗಳನ್ನು ಹುಡುಕಿಕೊಂಡು ಹೋಗುವುದಿಲ್ಲವೇ? ಮೊದಲ ದಿನ ಓಣಿ ಇಕ್ಕಟ್ಟು, ನಡಿಗೆ ನಿಧಾನ. ದಿನವೂ ನಡೆದರೆ ಅದೇ ದಾರಿಯಾಗುತ್ತದೆ. ಯಾರೂ ನಡೆಯದಿದ್ದರೆ ಅಲ್ಲಿ ಮುಳ್ಳು ಬೆಳೆಯುತ್ತದೆ. ಸೋತ ಕೈಗೆ ಕೆಲಸ ಕೊಡುವುದೆಂದರೆ ಮೆದುಳಿನೊಳಗಿನ ಓಣಿಯಲ್ಲಿ ನಡೆಯುವುದೇ ಆಗಿದೆ.

ಎಡ್ವರ್ಡ್ ಟೌಬ್ ಎಂಬ ಅಮೆರಿಕದ ವಿಜ್ಞಾನಿಯು ಈ ವಿಷಯದಲ್ಲಿ ಬಹುಕಾಲ ಶೋಧನೆ ಮಾಡಿದನು. ಪೆಟ್ಟು ಬಿದ್ದ ಹೊಸದರಲ್ಲಿ ಪ್ರಾಣಿಯು ಸೋತ ಕೈಯನ್ನು ಬಳಸಲು ಯತ್ನಿಸಿ ಸೋಲುತ್ತದೆ. ಒಳ್ಳೆಯ ಕೈಯಿಂದ ಕೆಲಸ ಸಾಗಿಸುತ್ತದೆ. ಕ್ರಮೇಣ ಸೋತ ಕೈಗೆ ಶಕ್ತಿ ಮರಳಿದ ಮೇಲೂ ಅದನ್ನು ಬಳಸುವುದನ್ನೇ ಮರೆಯುತ್ತದೆ. ಇದಕ್ಕೆ ಆತನು ಕಲಿತ ನಿರುಪಯೋಗವೆಂಬ ಅರ್ಥದ ಹೆಸರನ್ನಿಟ್ಟನು. ಅಂದರೆ ಕೈ ಏಳದಿರುವುದರಲ್ಲಿ ಒಂದು ಪಾಲು ರೋಗದ್ದು, ಇನ್ನೊಂದು ಪಾಲು ಅಭ್ಯಾಸದ್ದು. ಈ ತತ್ತ್ವದ ಮೇಲೆ ನಡೆದ ಪರೀಕ್ಷೆಯ ಫಲ ೨೦೦೬ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯು ಬಂದು ಮೂರರಿಂದ ಒಂಬತ್ತು ತಿಂಗಳಾಗಿದ್ದ, ಕೈಯಲ್ಲಿ ಕೊಂಚವಾದರೂ ಚಲನೆ ಉಳಿದಿದ್ದ ೨೨೨ ಜನರು ಅದರಲ್ಲಿದ್ದರು. ಒಂದು ಗುಂಪಿನವರ ಒಳ್ಳೆಯ ಕೈಗೆ ಎರಡು ವಾರಗಳ ಕಾಲ, ಎಚ್ಚರವಿರುವ ಬಹುಪಾಲು ಹೊತ್ತು, ಚೀಲದಂತಹ ಕವಚವನ್ನು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಅವರ ಕೈಗಳಲ್ಲಿ ಆದ ಸುಧಾರಣೆ ಉಳಿದವರಿಗಿಂತ ಹೆಚ್ಚಾಗಿತ್ತು. ವರ್ಷ ಕಳೆದ ಮೇಲೂ ನಿಂತಿತ್ತು.

ಸದ್ಭಕ್ತರೇ, ಇದನ್ನು ನಮ್ಮ ಮನೆಗೆ ಅನ್ವಯಿಸಿ ನೋಡಿರಿ. ರೋಗಿಯ ಪಾಲಿಗೆ ನಾವೇ ಆ ಒಳ್ಳೆಯ ಕೈ ಆಗಿಬಿಡುತ್ತೇವೆ. ಲೋಟ ಎತ್ತುವುದು ನಾವು, ಗುಂಡಿ ಹಾಕುವುದು ನಾವು, ಉತ್ತರ ಹೇಳುವುದೂ ನಾವು. ನಮ್ಮ ಪ್ರೀತಿ ಹೆಚ್ಚಿದಷ್ಟೂ ಅವರ ಕೈ ಕೆಲಸವನ್ನು ಮರೆಯುತ್ತದೆ. ದಾಸೋಹವೆಂದರೆ ತನ್ನದನ್ನು ಕೊಡುವುದು. ಕಲಬುರಗಿಯ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ಹಸಿದು ಬಂದವರಿಗೆ ಅನ್ನವಿಕ್ಕಿದವರು. ತನ್ನ ದುಡಿಮೆಯನ್ನು ಇನ್ನೊಬ್ಬರಿಗೆ ಸವೆಸುವುದು ದಾಸೋಹವಾದರೆ, ಇನ್ನೊಬ್ಬರ ದುಡಿಮೆಯನ್ನು ಅವರ ಕೈಯಿಂದ ಕಿತ್ತುಕೊಳ್ಳುವುದಕ್ಕೆ ಏನೆನ್ನಬೇಕು? ಮರುಕದಿಂದ ಕಿತ್ತುಕೊಂಡರೂ ಅದು ಕಿತ್ತುಕೊಂಡುದೇ ಅಲ್ಲವೇ?

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ನಾವೆಲ್ಲ ಬಲ್ಲೆವು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಮ್ಮೆ ಆತನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮನು ಕಾಯಕ ನಿಂತುಹೋಯಿತೆಂದು ಎಚ್ಚರಿಸಿದಳು. ಈ ಪ್ರಸಂಗದಲ್ಲಿ ನಾವು ಗಮನಿಸದೆ ಬಿಡುವ ಒಂದು ಅಂಶವಿದೆ. ಗಂಡನು ಬಳಲಿರುವನೆಂದು ಆಕೆಯೇ ಹೋಗಿ ಅಕ್ಕಿ ಆಯ್ದು ತರಬಹುದಾಗಿತ್ತು. ಆಕೆಗೆ ಅದು ಅಸಾಧ್ಯವಾದ ಕೆಲಸವೇನೂ ಆಗಿರಲಿಲ್ಲ. ಆದರೆ ಆತನ ಕಾಯಕ ಆತನದೆಂದು ಆಕೆ ಬಲ್ಲಳು. ಎಚ್ಚರಿಸುವುದಷ್ಟೇ ತನ್ನ ಪಾಲಿನದೆಂದು ತಿಳಿದಳು. ರೋಗಿಯ ಮಗ್ಗುಲಲ್ಲಿರುವವರಿಗೆ ಇದಕ್ಕಿಂತ ಉತ್ತಮವಾದ ಮೇಲ್ಪಂಕ್ತಿ ಬೇರೆ ಬೇಕೇ?

ಅದೇ ದಂಪತಿಗಳ ಕಥೆಯಲ್ಲಿ ಎರಡನೆಯ ಪಾಠವೂ ಉಂಟು. ಇನ್ನೊಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಒಪ್ಪಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಕಳುಹಿದಳು. ಅಳತೆ ಮೀರಿದುದು ಕಾಯಕದಲ್ಲಿ ಸೇರುವುದಿಲ್ಲ. ರೋಗಿಯ ಶ್ರಮಕ್ಕೂ ಈ ಅಳತೆ ಸಲ್ಲುತ್ತದೆ. ಬೇಗ ನಡೆಸಿದಷ್ಟೂ ಬೇಗ ಗುಣವಾಗುವುದೆಂದು ಆತುರಪಡುವ ಮಕ್ಕಳುಂಟು. ಐದು ದೇಶಗಳ ೨,೧೦೪ ರೋಗಿಗಳ ಮೇಲೆ ನಡೆಸಿದ ದೊಡ್ಡ ಪರೀಕ್ಷೆಯೊಂದರ ಫಲ ೨೦೧೫ರಲ್ಲಿ ಹೊರಬಂದಿತು. ಪಾರ್ಶ್ವವಾಯು ಬಂದ ೨೪ ಗಂಟೆಗಳೊಳಗೇ ಹಾಸಿಗೆಯಿಂದ ಎಬ್ಬಿಸಿ, ಮೇಲಿಂದ ಮೇಲೆ ಹೆಚ್ಚು ಹೊತ್ತು ನಡೆದಾಡಿಸಿದವರಿಗೆ ಮೂರು ತಿಂಗಳ ಕೊನೆಯಲ್ಲಿ ಲಾಭಕ್ಕಿಂತ ಹಾನಿಯೇ ಆದುದು ಅದರಿಂದ ತಿಳಿಯಿತು. ಯಾವಾಗ ಎಬ್ಬಿಸಬೇಕು, ಎಷ್ಟು ನಡೆಸಬೇಕು ಎಂಬುದನ್ನು ವೈದ್ಯರು ಹೇಳತಕ್ಕದ್ದು. ನಿದ್ರೆಯೂ ವಿಶ್ರಾಂತಿಯೂ ಚಿಕಿತ್ಸೆಯ ಅಂಗಗಳೇ. ಸುಮ್ಮನೆ ಕೂಡ್ರಿಸುವುದು ಒಂದು ತುದಿಯಾದರೆ, ದಣಿಸಿ ಕೆಡಹುವುದು ಇನ್ನೊಂದು ತುದಿ.

ಪ್ರೀತಿಯೊಂದಿದ್ದರೆ ಸಾಕೇ ಎಂಬ ಪ್ರಶ್ನೆಗೂ ನಮ್ಮ ದೇಶದಲ್ಲಿಯೇ ಉತ್ತರ ಹುಡುಕಿದ್ದಾರೆ. ಭಾರತದ ೧೪ ಆಸ್ಪತ್ರೆಗಳಲ್ಲಿ ೧,೨೫೦ ರೋಗಿಗಳನ್ನು ಆರಿಸಿ, ಅರ್ಧದಷ್ಟು ಜನರ ಮನೆಯವರಿಗೆ ಅಂಗಸಾಧನೆ ಮಾಡಿಸುವ ಬಗೆಯನ್ನು ಕಲಿಸಿ, ಅವರ ಕೈಯಿಂದಲೇ ಮನೆಯಲ್ಲಿ ಚಿಕಿತ್ಸೆ ಮಾಡಿಸಿದರು. ೨೦೧೭ರಲ್ಲಿ ಫಲ ಪ್ರಕಟವಾಯಿತು. ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಪರರನ್ನೇ ಅವಲಂಬಿಸಿದವರು ಎರಡೂ ಗುಂಪುಗಳಲ್ಲಿ ಸಮವಾಗಿ ನೂರಕ್ಕೆ ೪೭ ಇದ್ದರು. ಇದನ್ನು ಓದಿ ಮನೆಯವರ ಆರೈಕೆ ವ್ಯರ್ಥವೆಂದು ತಿಳಿಯುವುದು ತಪ್ಪು. ಮನೆಯವರ ಪ್ರೀತಿಯು ಪಳಗಿದ ಚಿಕಿತ್ಸಕರ ಸ್ಥಾನವನ್ನು ತುಂಬಲಾರದೆಂಬುದನ್ನು ಮಾತ್ರ ಇದರಿಂದ ಗ್ರಹಿಸಬೇಕು. ಗುರುವಿಲ್ಲದ ವಿದ್ಯೆಯನ್ನು ನಾವು ಬೇರೆಲ್ಲಿಯೂ ನಂಬುವುದಿಲ್ಲ. ರೋಗಿಯ ಮೈಯ ಮೇಲೆ ಮಾತ್ರ ಏಕೆ ನಂಬಬೇಕು? ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಿದರೆ ಹೆಗಲಿನ ಕೀಲು ಜಾರುತ್ತದೆ. ಮಲಗಿಸಿಯೇ ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕಿಳಿದು ಜ್ವರ ಬರುತ್ತದೆ. ಹೊರಳಿಸದೆ ಬಿಟ್ಟರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಇವೆಲ್ಲ ಕಲಿತು ಮಾಡತಕ್ಕ ಕೆಲಸಗಳು.

ಮಾತು ಹೋದವರ ಸಂಗತಿಯನ್ನೂ ಇಲ್ಲಿ ಹೇಳಬೇಕು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಹುಮಂದಿಗೆ ಬಲಗೈಯೊಡನೆ ಮಾತೂ ಹೋಗುತ್ತದೆ. ಅವರಿಗೆ ಬುದ್ಧಿ ಹೋಯಿತೆಂದು ತಿಳಿದು, ಅವರೆದುರಿಗೇ ಅವರ ಸಾವುಬದುಕಿನ ವಿಚಾರ ಆಡುವವರಿದ್ದಾರೆ. ಇದು ಅಜ್ಞಾನದಿಂದ ನಡೆಯುವ ಹಿಂಸೆ. ಜಿಲ್ ಬೋಲ್ಟ್ ಟೇಲರ್ ಎಂಬಾಕೆ ಅಮೆರಿಕದಲ್ಲಿ ಮೆದುಳಿನ ರಚನೆಯನ್ನೇ ಅಭ್ಯಾಸ ಮಾಡುತ್ತಿದ್ದ ವಿದುಷಿ. ೧೯೯೬ರ ಡಿಸೆಂಬರ್ ೧೦ರಂದು, ತನ್ನ ೩೭ನೆಯ ವಯಸ್ಸಿನಲ್ಲಿ, ಆಕೆಗೆ ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವವಾಯಿತು. ಮಾತು, ಓದು, ನಡಿಗೆ ಎಲ್ಲವೂ ಹೋದವು. ಆಕೆಯ ತಾಯಿ ಬಂದು ಜೊತೆಯಲ್ಲಿ ನಿಂತು, ಎಳೆಗೂಸಿಗೆ ಕಲಿಸುವಂತೆ ಎಲ್ಲವನ್ನೂ ಮೊದಲಿನಿಂದ ಕಲಿಸಿದಳು. ಆ ತಾಯಿಯ ಒಂದು ರೀತಿ ನೆನಪಿಡತಕ್ಕದ್ದು. ‘ಹೌದು’, ‘ಇಲ್ಲ’ ಎಂದಷ್ಟೇ ಉತ್ತರ ಬೇಡುವ ಪ್ರಶ್ನೆಗಳನ್ನು ಬಿಟ್ಟು, ಇದು ಬೇಕೋ ಅದು ಬೇಕೋ ಎಂದು ಆರಿಸಿ ಹೇಳಬೇಕಾದ ಪ್ರಶ್ನೆಗಳನ್ನೇ ಕೇಳುತ್ತಿದ್ದಳು, ಮಗಳು ಉತ್ತರ ಹುಡುಕುವವರೆಗೆ ಕಾಯುತ್ತಿದ್ದಳು, ದಣಿದಾಗ ಮಲಗಗೊಡುತ್ತಿದ್ದಳು. ಪೂರ್ಣವಾಗಿ ಚೇತರಿಸಿಕೊಳ್ಳಲು ಎಂಟು ವರ್ಷಗಳು ಹಿಡಿದುವೆಂದು ಮಗಳೇ ಬರೆದಿದ್ದಾಳೆ. ಮೂರು ತಿಂಗಳಿಗೇ “ಇನ್ನೇನೂ ಆಗದು” ಎಂದು ಕೈಚೆಲ್ಲುವವರು ಆ ಎಂಟು ವರ್ಷಗಳನ್ನು ನೆನೆಯಬೇಕು. ನಮ್ಮ ನಾಡಿನಲ್ಲಿಯೂ ಮಾತಿನ ಚಿಕಿತ್ಸೆಯನ್ನು ಶಾಸ್ತ್ರೀಯವಾಗಿ ಕಲಿಸುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಮೈಸೂರಿನಲ್ಲಿ ೧೯೬೫ರಿಂದ ಇದೆ. ಮೆದುಳು, ನರಗಳ ರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಕಲಬುರಗಿಯಂತಹ ಊರಿನಲ್ಲಿ ರೋಗಿಗೆ ಯಾವ ನುಡಿ ಮೊದಲು ಮರಳುವುದೆಂದು ಹೇಳಲಾಗದು. ಕನ್ನಡದ ಮನೆಯಲ್ಲಿ ಉರ್ದುವಿನ ಶಬ್ದ ಮೊದಲು ಬಂದರೆ ನಗಬಾರದು. ಬಂದ ಶಬ್ದವನ್ನು ಆದರದಿಂದ ಬರಮಾಡಿಕೊಳ್ಳಬೇಕು.

ಇನ್ನು ಮನೆಗೆ ನೋಡಬರುವವರ ಮಾತು. “ಯಾವ ಜನ್ಮದ ಪಾಪವೋ” ಎಂದು ಆ ತಾಯಿಯ ಎದುರಿಗೇ ನಿಟ್ಟುಸಿರಿಟ್ಟು ಹೋದವರಿದ್ದರು. ಪಾಪವನ್ನು ಹುಡುಕಲು ಹಿಂದಿನ ಜನ್ಮಕ್ಕೆ ಹೋಗುವ ಮುನ್ನ ಅಡಿಗೆಮನೆಯ ಉಪ್ಪಿನ ಡಬ್ಬಿಯನ್ನೂ, ಗೂಡಿನಲ್ಲಿ ಉಳಿದ ಗುಳಿಗೆಗಳನ್ನೂ ನೋಡುವುದು ಲೇಸು. ೨೨ ದೇಶಗಳಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಪಾರ್ಶ್ವವಾಯುವಿನ ಕಾರಣಗಳೊಳಗೆ ಏರಿದ ರಕ್ತದೊತ್ತಡವೇ ಅತ್ಯಂತ ಮುಖ್ಯವೆಂದು ಕಂಡುಬಂದಿತು. ರಕ್ತ ಸುರಿಯುವ ಬಗೆಯಲ್ಲಂತೂ ಅದರ ಪಾತ್ರ ಇನ್ನೂ ಹೆಚ್ಚು. ಒಮ್ಮೆ ಪಾರ್ಶ್ವವಾಯು ಬಂದವರಲ್ಲಿ ರಕ್ತದೊತ್ತಡವನ್ನು ಇಳಿಸಿದರೆ ಮುಂದೆ ಮೆದುಳಿನಲ್ಲಿ ರಕ್ತ ಸುರಿಯುವ ಸಂಭವ ಅರ್ಧಕ್ಕಿಳಿಯುವುದೆಂದು ೨೦೦೧ರ ಇನ್ನೊಂದು ಪರೀಕ್ಷೆ ತೋರಿಸಿತು. ಗುಣವಾಯಿತೆಂದು ಗುಳಿಗೆ ಬಿಡುವುದು, ಗುಳಿಗೆಯಿಂದಲೇ ಗುಣವಾಗಿದೆಯೆಂಬುದನ್ನು ಮರೆತಂತೆ. ರೋಗಿಯ ಜೊಲ್ಲು, ಮಲಮೂತ್ರಗಳಿಗೆ ಅಸಹ್ಯಪಡುವವರಿಗೆ ಹೇಳತಕ್ಕದ್ದು ಇಷ್ಟೆ: ಪಂಚಸೂತಕಗಳನ್ನು ಒಲ್ಲೆನೆಂದ ಧರ್ಮ ನಮ್ಮದು. ಎಂಜಲಿನ ಸೂತಕವನ್ನು ಲಿಂಗದ ಸನ್ನಿಧಿಯಲ್ಲಿ ಅಳಿಸಿದವರು ರೋಗಿಯ ಹಾಸಿಗೆಯ ಬಳಿ ಅದನ್ನು ಮರಳಿ ಬರೆಯಬಾರದು.

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರೋಣ. ಕೆಲಸ ಮಾಡುವುದೇ ಶ್ರೇಷ್ಠವಾದರೆ, ಎಷ್ಟು ಶ್ರಮಿಸಿದರೂ ಕೈ ಏಳದವರ ಗತಿಯೇನು? ಕಾಯಕ ಮಾಡಲಾರದವರು ಕೈಲಾಸಕ್ಕೆ ಹೊರಗಾದರೇ? ಈ ಪ್ರಶ್ನೆಗೆ ಉತ್ತರ ಕೊಡದೆ ಕಾಯಕದ ಹಿರಿಮೆಯನ್ನು ಕೊಂಡಾಡಿದರೆ ಅದು ರೋಗಿಗೆ ಇನ್ನೊಂದು ಪೆಟ್ಟಾಗುವುದು. ಪಾರ್ಶ್ವವಾಯು ಬಂದವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಮನಸ್ಸಿನ ಖಿನ್ನತೆ ಆವರಿಸುವುದೆಂದು ವೈದ್ಯರು ಹೇಳುತ್ತಾರೆ. “ನಾನು ಯಾರಿಗೂ ಉಪಯೋಗವಿಲ್ಲ” ಎಂಬುದು ಅವರ ಬಾಯಲ್ಲಿ ಮೇಲಿಂದ ಮೇಲೆ ಬರುವ ಮಾತು. ಅದಕ್ಕೂ ಔಷಧವುಂಟು, ಅದನ್ನು ಭಕ್ತಿಯ ಕೊರತೆಯೆಂದು ಜರೆಯಬಾರದು.

ಲೂಯಿ ಪಾಶ್ಚರನ ಜೀವನ ಈ ಪ್ರಶ್ನೆಯ ಮೇಲೆ ಬೆಳಕು ಬೀರುತ್ತದೆ. ೧೮೬೮ರ ಅಕ್ಟೋಬರಿನಲ್ಲಿ, ರೇಷ್ಮೆಹುಳುಗಳ ರೋಗದ ಶೋಧನೆಯಲ್ಲಿ ತೊಡಗಿದ್ದಾಗ, ೪೫ನೆಯ ವಯಸ್ಸಿನಲ್ಲಿ, ಮೆದುಳಿಗಾದ ಆಘಾತದಿಂದ ಆತನ ಎಡಭಾಗವೆಲ್ಲ ಸ್ವಾಧೀನ ತಪ್ಪಿತು. ಎಡಗೈ ಮೊದಲಿನಂತಾಗಲೇ ಇಲ್ಲ. ನಡಿಗೆಯಲ್ಲಿ ಕುಂಟು ಉಳಿಯಿತು. ಆದರೂ ಹಾಸಿಗೆಯಿಂದಲೇ ತನ್ನ ಶೋಧನೆಯ ಮಾತುಗಳನ್ನು ಬರೆಯಿಸಿದನು. ಸೂಕ್ಷ್ಮವಾದ ಕೈಕೆಲಸಗಳಿಗೆ ಸಹಾಯಕರ ಕೈಗಳನ್ನು ನೆಚ್ಚಿದನು. ಹುಚ್ಚುನಾಯಿ ಕಡಿತಕ್ಕೆ ೧೮೮೫ರಲ್ಲಿ ಮೊದಲ ಬಾರಿಗೆ ಬಾಲಕನೊಬ್ಬನಿಗೆ ಆತನ ಲಸಿಕೆಯನ್ನು ಕೊಟ್ಟಾಗ ಸೂಜಿ ಹಿಡಿದವರು ಬೇರೆಯವರು. ಪಾರ್ಶ್ವವಾಯು ಬಂದ ೧೭ ವರ್ಷಗಳ ಮೇಲಿನ ಮಾತಿದು. ಕೈ ಮರಳಲಿಲ್ಲ, ಕಾಯಕ ಮರಳಿತು. ಪರರ ಕೈಯನ್ನು ಪಡೆದುಕೊಳ್ಳುವುದೂ ಕಾಯಕದೊಳಗಿನ ಒಂದು ಭಾಗವೇ ಆಯಿತು.

ಎಲ್ಲರೂ ಪಾಶ್ಚರರಾಗಲಾರರು, ನಿಜ. ಮಾತೂ ಇಲ್ಲದೆ, ಹೊರಳಲೂ ಆಗದೆ ವರ್ಷಗಟ್ಟಲೆ ಮಲಗಿದವರಿದ್ದಾರೆ. ಅವರ ವಿಷಯದಲ್ಲಿ ನಾನು ತಿಳಿದುದನ್ನು ಸಂಕೋಚದಿಂದಲೇ ಹೇಳುತ್ತೇನೆ. ಕಾಯಕದ ಬೆಲೆಯನ್ನು ಶರಣರು ತಂದ ಅಕ್ಕಿಯ ತೂಕದಿಂದ ಅಳೆದಿದ್ದರೆ ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸುತ್ತಲೇ ಇರಲಿಲ್ಲ. ಅವರು ನೋಡಿದುದು ಮಾಡುವವರ ಭಾವಶುದ್ಧಿಯನ್ನು. ಹೀಗಿರುವಲ್ಲಿ, ಬಾಯಿಗೆ ಬಂದ ತುತ್ತನ್ನು ನುಂಗಲು ಒಬ್ಬರು ಪಡುವ ಶ್ರಮ ಹೊಲ ಉಳುವವನ ಶ್ರಮಕ್ಕೆ ಕಡಿಮೆಯೆಂದು ಹೇಳುವವರಾರು? ಅದೂ ಆಗದಾದಾಗ, ಆ ದೇಹ ಲಿಂಗವನ್ನು ಧರಿಸಿದ ದೇಹವೇ ಅಲ್ಲವೇ? ಅದರ ಘನತೆ ಅದು ಮಾಡಿದ ಕೆಲಸದಿಂದ ಬಂದುದಲ್ಲವಾದುದರಿಂದ, ಕೆಲಸ ನಿಂತಾಗ ಹೋಗತಕ್ಕದ್ದೂ ಅಲ್ಲ. ಆದುದರಿಂದ ರೋಗಿಯ ಕೆಲಸವನ್ನು ಅವನಿಗೇ ಬಿಡುವುದು ಎಷ್ಟು ಕರ್ತವ್ಯವೋ, ಕೆಲಸವಾಗದಾಗ ಅವನನ್ನು ಹೀನವಾಗಿ ಕಾಣದಿರುವುದೂ ಅಷ್ಟೇ ಕರ್ತವ್ಯ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದನ್ನು ದಿನದಿನವೂ ನೋಡಿ ತಿಳಿಯುವ ವಿವೇಕವೇ ಇಲ್ಲಿ ದಾಸೋಹ.

ಮತ್ತೆ ಸ್ಟೇಶನ್ ಬಜಾರದ ಆ ಮನೆಗೆ ಹೋಗೋಣ. ಚಿಕಿತ್ಸಕರು ಗಮನಿಸಿದ ಸಂಗತಿಯೊಂದಿತ್ತು. ತಾಟಿನ ಬಲಭಾಗದ ಅನ್ನವನ್ನು ಆ ತಾಯಿ ಉಣ್ಣುತ್ತಿದ್ದರು; ಎಡಭಾಗದ ಪಲ್ಯ ಹಾಗೆಯೇ ಉಳಿಯುತ್ತಿತ್ತು. ಪಲ್ಯ ಸೇರುವುದಿಲ್ಲವೆಂದು ಮನೆಯವರು ತಿಳಿದಿದ್ದರು. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ಕಣ್ಣು ಸರಿಯಿದ್ದರೂ ಎಡಗಡೆಯ ಜಗತ್ತು ಗಮನಕ್ಕೆ ಬರುವುದಿಲ್ಲವಂತೆ. ತಮ್ಮ ಎಡಗೈಯನ್ನೇ ಅವರು ಮರೆಯುತ್ತಾರೆ. ಮೇಲಿಂದ ಮೇಲೆ ಎಡಗಡೆಗೆ ನೋಡಿಸುವುದು, ಆ ಕೈಯನ್ನು ಮುಟ್ಟಿಸುವುದು ಚಿಕಿತ್ಸೆಯ ಭಾಗ. ಆಗ ಸೊಸೆಗೆ ಹೊಳೆದ ವಿಚಾರ ಇದು: ಲಿಂಗವನ್ನು ಇಡುವುದು ಎಡಗೈಯ ಅಂಗೈಯಲ್ಲಿ, ದೃಷ್ಟಿ ನಿಲ್ಲಿಸುವುದೂ ಅಲ್ಲಿಯೇ. ಮರೆತ ಕೈಯನ್ನು ನೆನೆಯಲು ಇದಕ್ಕಿಂತ ಬೇರೆ ಹೊತ್ತು ಯಾವುದು?

ಆ ತಾಯಿಗೆ ಒಂದೇ ಭಯ: ಕೈ ನಡುಗಿ ಲಿಂಗ ಜಾರಿ ಬಿದ್ದರೆ? ಮನೆಗೆ ಬರುತ್ತಿದ್ದ ವೃದ್ಧ ಅಯ್ಯನವರು ಶೂನ್ಯಸಂಪಾದನೆಯೊಳಗಿನ ನುಲಿಯ ಚಂದಯ್ಯನ ಪ್ರಸಂಗವನ್ನು ನೆನಪು ಮಾಡಿಕೊಟ್ಟರು. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿದ್ದಾಗ ಬಾಗಿದ ಚಂದಯ್ಯನ ಮೈಯಿಂದ ಲಿಂಗ ಜಾರಿತು. ಆತನು ಕಾಯಕ ಬಿಡದೆ ನಡೆದಾಗ ಲಿಂಗವೇ ಆತನ ಹಿಂದೆ ಬಂದಿತೆಂಬುದು ಕಥೆ. “ತಾಯೀ, ದುಡಿಯುವ ಕೈಯಿಂದ ಜಾರಿದರ ಲಿಂಗಯ್ಯ ಮುನಿಯಂಗಿಲ್ಲ” ಎಂದು ಅಯ್ಯನವರು ನಕ್ಕರು. ಆ ತಾಯಿಯೂ ಬಹುದಿನಗಳ ಮೇಲೆ ನಕ್ಕರು.

ಮರುದಿನದಿಂದ ಪೂಜೆಯ ಕ್ರಮ ಬದಲಾಯಿತು. ಬಿಗಿದುಕೊಳ್ಳತೊಡಗಿದ್ದ ಎಡಗೈಯ ಬೆರಳುಗಳನ್ನು ತಾಯಿಯೇ ತಮ್ಮ ಬಲಗೈಯಿಂದ ಒಂದೊಂದಾಗಿ ಮೆಲ್ಲಗೆ ಬಿಡಿಸುವರು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಎಡಗೈ, ಅದರಡಿಗೆ ಸೊಸೆಯ ಅಂಗೈ. ಲಿಂಗ ಮಾತ್ರ ತಾಯಿಯ ಅಂಗೈಯಲ್ಲಿಯೇ. ನೀರೆರೆಯುವವರೂ, ಪತ್ರೆ ಏರಿಸುವವರೂ ಅವರೇ. ಮೊದಲು ಹತ್ತು ನಿಮಿಷದ ಪೂಜೆಗೆ ಒಂದು ಗಂಟೆ ಹಿಡಿಯುತ್ತಿತ್ತು. ಸೊಸೆಗೆ ಕಾಯುವುದೇ ದೊಡ್ಡ ತಪಸ್ಸಾಯಿತು. ತಾನೇ ಮಾಡಿ ಮುಗಿಸುವುದು ಎಷ್ಟೋ ಸುಲಭವಾಗಿತ್ತೆಂದು ಆಕೆ ನನ್ನೊಡನೆ ಹೇಳಿದುದುಂಟು. ಅಹುದು, ಸುಲಭವಾದುದೇ ಸೇವೆಯೆಂದು ನಾವು ಬಗೆಯುವುದರಿಂದಲೇ ಇಷ್ಟೆಲ್ಲ ತೊಡಕು. ಆಕೆಯ ಶ್ರಮವನ್ನು ಮನೆಯ ಇತರರು ಹಂಚಿಕೊಳ್ಳಬೇಕೆಂಬುದೂ ಆಗ ಎಲ್ಲರಿಗೂ ತಿಳಿಯಿತು. ಮಧ್ಯಾಹ್ನದ ಅಂಗಸಾಧನೆ ಮಗನ ಪಾಲಿಗೆ ಬಂದಿತು; ರಾತ್ರಿಯ ಗುಳಿಗೆ, ಬಿ.ಪಿ.ಯ ಲೆಕ್ಕ ಯಜಮಾನರ ಪಾಲಿಗೆ. ಆರೈಕೆ ಮಾಡುವ ಹೆಣ್ಣುಮಗಳೊಬ್ಬಳನ್ನೇ ಸವೆಯಗೊಟ್ಟು ಉಳಿದವರು ಹೊಗಳುತ್ತ ನಿಲ್ಲುವುದು ಧರ್ಮವಲ್ಲ.

ಐದನೆಯ ತಿಂಗಳಲ್ಲಿ ಸೊಸೆಯು ಹಿಟ್ಟಿನ ಕೊಣಮಿಗೆಯನ್ನು ಅತ್ತೆಯ ಮುಂದೆ ತಂದಿಟ್ಟಳು. ಮೊದಲ ರೊಟ್ಟಿ ಎರಡು ತುಂಡಾಯಿತು. ಎರಡನೆಯದು ಒಂದು ಕಡೆ ದಪ್ಪ, ಒಂದು ಕಡೆ ಹರಿದು ಹೋಗಿತ್ತು. ಮನೆಮಂದಿಯೆಲ್ಲ ಅದನ್ನು ಪ್ರಸಾದವೆಂದು ಹಂಚಿಕೊಂಡು ತಿಂದರು. ವರ್ಷ ಕಳೆದ ಮೇಲೂ ಆ ಎಡಗೈ ಮೊದಲಿನಂತಾಗಲಿಲ್ಲ. ರೊಟ್ಟಿಯ ಅಂಚನ್ನು ತಡೆದು ಹಿಡಿಯುವಷ್ಟು ಮಾತ್ರ ಬಂದಿತು. ನಡೆಯಲು ಕೋಲು ಬೇಕಾಯಿತು. ಲಿಂಗದ ಭಾರವನ್ನು ಮಾತ್ರ ಆ ಅಂಗೈ ಸೊಸೆಯ ಆಸರೆಯಿಲ್ಲದೆ ತಾಳತೊಡಗಿತು.

ಈಗಲೂ ಆ ಓಣಿಯಲ್ಲಿ ಹಾಯ್ದು ಹೋಗುವಾಗ ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬೀಳುತ್ತದೆ. ಹಿಂದಿನ ಲಯ ಅದಕ್ಕಿಲ್ಲ. ನಡುನಡುವೆ ನಿಲ್ಲುತ್ತದೆ, ಮತ್ತೆ ಆರಂಭವಾಗುತ್ತದೆ. ನಿಂತಾಗ ಒಳಗೆ ಹೋಗಿ ಕೈಯಿಕ್ಕುವ ಆತುರ ಈಗ ಆ ಮನೆಯಲ್ಲಿ ಯಾರಿಗೂ ಇಲ್ಲ. ನಮ್ಮ ನಮ್ಮ ಮನೆಗಳಲ್ಲಿಯೂ ರೋಗಿಯ ಕೈಯ ಕಾಯಕವನ್ನು ಕಸಿಯದೆ ಕಾಯುವ ತಾಳ್ಮೆಯೂ, ಕೈ ಸೋತೇ ಹೋದಾಗ ಕೆಳಗೆ ನಮ್ಮ ಅಂಗೈಯನ್ನಿಡುವ ಪ್ರೀತಿಯೂ ನಮಗೆ ಬರಲೆಂದು ಹಾರೈಸೋಣ.